ಬಳಕೆಯ ಪಾತ್ರೆ, ವಾರಾಂತ್ಯದ ತರಗತಿ, ಎರಡಕ್ಕೂ ಒಂದೇ ಕಿಲ್ನ್

ಮಣ್ಣಿನ ಕಪ್, ಬಟ್ಟಲು, ತಟ್ಟೆ ಮಾಡಿ ಮಾರುತ್ತ, ಜೊತೆಗೆ ಕಲಿಸುತ್ತ ಜೀವನ ನಡೆಸುವ ಯೋಚನೆ ಇದ್ದರೆ ಲೆಕ್ಕವನ್ನೆಲ್ಲ ಪಾತ್ರೆ ಸುಡುವ ಗೂಡಿನಿಂದ, ಅಂದರೆ ಕಿಲ್ನ್‌ನಿಂದ ಶುರುಮಾಡಿ. ಕೈ ಕುದುರಿದವರು ತಿಗರಿಯ ಮೇಲೆ ದಿನಕ್ಕೆ ಮೂವತ್ತು ಕಪ್ ಎತ್ತಬಹುದು. ಆದರೆ ಸಣ್ಣ ಸ್ಟುಡಿಯೊದಲ್ಲಿ ಸುಡುವುದು ವಾರಕ್ಕೆ ಒಂದೆರಡು ಸಲ ಮಾತ್ರ.

ಕೈ ಕುದುರುವ ತನಕ ಕಲಿಕೆಗೆ ಜಾಗಗಳಿವೆ. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇದೆ. ಪುದುಚೇರಿಯಲ್ಲಿ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ 1971ರಲ್ಲಿ ಕಟ್ಟಿದ ಗೋಲ್ಡನ್ ಬ್ರಿಡ್ಜ್ ಪಾಟರಿಯಲ್ಲಿ ಕಲಿತವರು ಇಂದು ದೇಶದ ಹಲವೆಡೆ ಹೆಚ್ಚು ಶಾಖಕ್ಕೆ ಸುಟ್ಟ ಗಟ್ಟಿ ಪಾತ್ರೆ, ಅಂದರೆ ಸ್ಟೋನ್‌ವೇರ್ ಮಾಡುತ್ತಿದ್ದಾರೆ.

ಏನು ಮಾಡಬೇಕೆಂದು ಶೆಲ್ಫ್ ಹೇಳುತ್ತದೆ

45 ಸೆಂ.ಮೀ. ಚೌಕದ ಶೆಲ್ಫ್, ಒಳಗೆ 40 ಸೆಂ.ಮೀ. ಎತ್ತರ ಸಿಗುವ ವಿದ್ಯುತ್ ಕಿಲ್ನ್ ಇದೆ ಅಂದುಕೊಳ್ಳಿ. 8 ಸೆಂ.ಮೀ. ಅಗಲದ ಕಪ್‌ಗಳನ್ನು ಹಿಡಿ ಓರೆಯಾಗಿ ತಿರುಗಿಸಿಟ್ಟರೆ ಒಂದು ಶೆಲ್ಫಿಗೆ 16, ಮೂರು ಅಂತಸ್ತಿಗೆ 48. 26 ಸೆಂ.ಮೀ. ಊಟದ ತಟ್ಟೆಯಾದರೆ ಶೆಲ್ಫಿಗೆ ಒಂದೇ. ಗಿಡ್ಡ ಕಂಬಗಳ ಮೇಲೆ ಆರು ಅಂತಸ್ತು ಕಟ್ಟಿದರೂ ಆರೇ ತಟ್ಟೆ. ಅದನ್ನೇ 20 ಸೆಂ.ಮೀ.ಗೆ ಇಳಿಸಿದರೆ ಶೆಲ್ಫಿಗೆ ನಾಲ್ಕು, ಒಟ್ಟು 24. ದೊಡ್ಡ ತಟ್ಟೆಗೆ ಜಾಗದ ಬೆಲೆ ಸೇರಿಸದೆ ಮಾರಿದರೆ ಪ್ರತಿ ತಟ್ಟೆಗೂ ಕೈಯಿಂದ ದುಡ್ಡು ಹೋಗುತ್ತದೆ.

ಒಂದು ಎಚ್ಚರಿಕೆ: ಗ್ಲೇಝ್ (ಸುಟ್ಟಾಗ ಗಾಜಿನಂತಾಗುವ ಲೇಪ) ಹಚ್ಚಿ ಒಳಗಿಡುವಾಗ ಪಾತ್ರೆ ಇನ್ನೂ ಬಿಸ್ಕ್ (ಗ್ಲೇಝ್‌ಗೆ ಮುಂಚಿನ ಮೊದಲ ಸುಡುವಿಕೆ) ಅಳತೆಯಲ್ಲೇ ಇರುತ್ತದೆ. 20 ಸೆಂ.ಮೀ. ಆಗಬೇಕಾದ ತಟ್ಟೆ ಆಗ ಸುಮಾರು 21.4 ಇರುತ್ತದೆ. ಶೆಲ್ಫಿನ ಲೆಕ್ಕ ಆ ಅಳತೆಗೇ ಹಾಕಬೇಕು.

ಕುಗ್ಗುವಿಕೆಯನ್ನು ನಿಮ್ಮ ಮಣ್ಣಿನಲ್ಲೇ ಅಳೆಯಿರಿ. ಹಸಿ ಪಟ್ಟಿಯ ಮೇಲೆ 10 ಸೆಂ.ಮೀ. ಗೆರೆ ಎಳೆದು, ಒಣಗಿಸಿ, ಪೂರ್ತಿ ಸುಟ್ಟು ನೋಡಿ. ಗೆರೆ 8.8ಕ್ಕೆ ಇಳಿದಿದ್ದರೆ ಕುಗ್ಗುವಿಕೆ ಶೇ. 12. ಆಗ ಬೇಕಾದ ಅಳತೆಯನ್ನು 0.88ರಿಂದ ಭಾಗಿಸಿ, ಶೇ. 12 ಕೂಡಿಸಿದರೆ ಸಾಲದು. 9 ಸೆಂ.ಮೀ. ಎತ್ತರದ ಕಪ್ಪನ್ನು 10.2ಕ್ಕೆ ಎತ್ತಬೇಕು, 400 ಗ್ರಾಂ ಮಣ್ಣು ಸಾಕು. ಸೆಟ್ ಮಾಡುವಾಗ ಉಂಡೆಗಳನ್ನೆಲ್ಲ ಮೊದಲೇ ತೂಗಿಟ್ಟುಕೊಳ್ಳಿ. ಕಣ್ಣಳತೆಯಲ್ಲಿ ಕಿತ್ತ ಮಣ್ಣಿನಿಂದ ಆರು ಒಂದೇ ತರದ ಕಪ್ ಬರುವುದಿಲ್ಲ.

ತಳದಲ್ಲಿ ಇಂಗ್ಲಿಷಿನ ಎಸ್ ಆಕಾರದ ಬಿರುಕು ಬಂದರೆ ತಳವನ್ನು ಒತ್ತಿ ಬಿಗಿ ಮಾಡಿಲ್ಲ ಅಥವಾ ಒಳಗೆ ನೀರು ನಿಂತಿತ್ತು ಅಂತ ಅರ್ಥ. ಹಿಡಿ ಬುಡದಲ್ಲಿ ಬಿಟ್ಟುಕೊಳ್ಳುವುದಕ್ಕೆ ಕಾರಣ ಹದದ ವ್ಯತ್ಯಾಸ: ಕಪ್ ಗಟ್ಟಿಯಾಗಿರುತ್ತದೆ, ಹಿಡಿ ಹಸಿಯಾಗಿರುತ್ತದೆ. ಎರಡೂ ಲೆದರ್ ಹಾರ್ಡ್ (ಅರೆ ಒಣಗಿದ) ಹದದಲ್ಲಿದ್ದಾಗ ಗೀರಿ, ಸ್ಲಿಪ್ (ನೀರಾಗಿ ಕಲಸಿದ ಮಣ್ಣು) ಹಚ್ಚಿ ಅಂಟಿಸಿ, ಎರಡು ದಿನ ಪ್ಲಾಸ್ಟಿಕ್ ಹೊದಿಸಿಡಿ. ಬೆಂಗಳೂರಿನ ಮಾರ್ಚ್‌ ಗಾಳಿಗೆ ಅಂಚು ಮೊದಲು ಒಣಗಿ ತಟ್ಟೆ ಸೊಟ್ಟಗಾಗುತ್ತದೆ, ಹಾಗಾಗಿ ಅಂಚಿಗೂ ಪ್ಲಾಸ್ಟಿಕ್ ಸುತ್ತಿ. ಮಂಗಳೂರಿನ ಮಳೆಗಾಲದಲ್ಲಿ ಕಥೆ ಉಲ್ಟಾ: ವಾರವಾದರೂ ತಳ ಹಸಿ. ಕೆನ್ನೆಗೆ ತಾಗಿಸಿ ನೋಡಿ. ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ.

ಸುಡುವುದು, ಪರೀಕ್ಷಿಸುವುದು

ಕಿಲ್ನ್ ಕೊಳ್ಳುವ ಮುನ್ನ ವಿದ್ಯುತ್ ಕಂಪನಿಯಲ್ಲಿ ಲೋಡ್ ವಿಚಾರಿಸಿ. 8–10 ಕಿಲೋವ್ಯಾಟ್‌ ಕಿಲ್ನ್‌ಗೆ ತ್ರೀ ಫೇಸ್ ಸಂಪರ್ಕ ಬೇಕಾಗುತ್ತದೆ. ಬಿಸ್ಕ್‌ಗೆ ಮೊದಲು 90 ಡಿಗ್ರಿಯಲ್ಲಿ ಮೂರು ನಾಲ್ಕು ಗಂಟೆ ಹಿಡಿದಿಡಿ. ನೀರು ಕುದಿದು ಆವಿಯಾಗಿ ಪಾತ್ರೆ ಸಿಡಿಯುವುದು ಈ ಹಂತ ತಪ್ಪಿಸಿದಾಗಲೇ. ನಂತರ 600ರವರೆಗೆ ಗಂಟೆಗೆ 100 ಡಿಗ್ರಿಯಂತೆ ಏರಿಸಿ. 573ರಲ್ಲಿ ಸ್ಫಟಿಕ ಶಿಲೆಯ ರಚನೆ ಬದಲಾಗಿ ಹಿಗ್ಗುತ್ತದೆ, ಅಲ್ಲಿ ಅವಸರ ಬೇಡ. 1000 ಮುಟ್ಟಿದರೆ ಬಿಸ್ಕ್ ಮುಗಿಯಿತು. ಗ್ಲೇಝ್ ಸುಡುವುದು ಕೋನ್ 6ಕ್ಕೆ, ಅಂದರೆ 1220–1240. ಕೋನ್ ಅಂದರೆ ಗೊತ್ತಾದ ಶಾಖಕ್ಕೆ ಬಾಗುವ ಪುಟ್ಟ ಶಂಕು. ಕಂಟ್ರೋಲರ್‌ನ ಅಂಕಿಯೊಂದನ್ನೇ ನಂಬದೆ ಶೆಲ್ಫಿನ ಮೇಲೆ ಕೋನ್ ಇಟ್ಟು ಪ್ರತಿ ಸಲ ನೋಡಿ. ಫೆಲ್ಡ್‌ಸ್ಪಾರ್ 40, ಸಿಲಿಕಾ 30, ವೈಟಿಂಗ್ (ಸುಣ್ಣಕಲ್ಲಿನ ಪುಡಿ) 20, ಚೈನಾ ಕ್ಲೇ 10 ಎಂಬ ಹಳೆಯ ಗ್ಲೇಝ್ ಸೂತ್ರ ಇನ್ನೂ ಹೆಚ್ಚು ಶಾಖದ ಕೋನ್ 10ರದ್ದು. ಕೋನ್ 6ಕ್ಕೆ ಹಾಕಿದರೆ ಅದು ಸರಿಯಾಗಿ ಕರಗುವುದಿಲ್ಲ.

ತಿನ್ನುವ, ಕುಡಿಯುವ ಪಾತ್ರೆಗೆ ಎರಡು ಪರೀಕ್ಷೆ ಬಿಡಬಾರದು. ಮೊದಲನೆಯದು ನೀರಿನದು. ಗ್ಲೇಝ್ ಇಲ್ಲದ, ಪೂರ್ತಿ ಸುಟ್ಟ ತುಂಡನ್ನು ತೂಗಿ, ಐದು ಗಂಟೆ ಕುದಿಸಿ, ರಾತ್ರಿಯಿಡೀ ಅದೇ ನೀರಿನಲ್ಲಿ ಬಿಟ್ಟು, ಒರೆಸಿ ಮತ್ತೆ ತೂಗಿ. 200 ಗ್ರಾಂ ತುಂಡು 203 ಆದರೆ ಹೀರಿಕೆ ಶೇ. 1.5, ಒಳ್ಳೆಯದು. ಶೇ. 3 ದಾಟಿದರೆ ಕಪ್ಪಿನಡಿ ಮೇಜಿನ ಮೇಲೆ ಒದ್ದೆ ಉಂಗುರ ಮೂಡುತ್ತದೆ, ಮೈಕ್ರೋವೇವ್‌ನಲ್ಲಿ ಪಾತ್ರೆಯೇ ಸುಡುತ್ತದೆ. ಎರಡನೆಯದು ಹುಳಿಯದು: ಗ್ಲೇಝ್ ಮೇಲೆ ನಿಂಬೆ ಹೋಳನ್ನು ರಾತ್ರಿಯಿಡೀ ಇಡಿ. ಬಣ್ಣ ಮಾಸಿದ್ದರೆ ಅದು ಸಾಂಬಾರು, ಉಪ್ಪಿನಕಾಯಿ ಕಾಣುವ ಪಾತ್ರೆಗೆ ಸಲ್ಲ. ಮಾಸದಿದ್ದರೂ ಪ್ರಯೋಗಾಲಯದ ವರದಿ ಇಲ್ಲದೆ ಸುರಕ್ಷಿತ ಎಂದು ಬರೆದು ಮಾರಬೇಡಿ. ಸೀಸ ಇರುವ ಫ್ರಿಟ್ಟನ್ನು (ಗ್ಲೇಝ್‌ಗೆ ಬೆರೆಸುವ ಗಾಜಿನ ಪುಡಿ) ಸ್ಟುಡಿಯೊದೊಳಕ್ಕೇ ತರಬೇಡಿ. ಗ್ಲೇಝ್ ಮೇಲೆ ಬಲೆಯಂಥ ಬಿರುಕು ಬಂದರೆ ಅದು ಮಣ್ಣಿಗಿಂತ ಹೆಚ್ಚು ಕುಗ್ಗುತ್ತಿದೆ. ಸಿಲಿಕಾ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ ನೋಡಿ.

ಕಲಿಸುವುದು

ಬಾಡಿಗೆ ಕಟ್ಟುವುದು ಹೆಚ್ಚಾಗಿ ತರಗತಿಯೇ, ಆದರೆ ಕಿಲ್ನ್ ನುಂಗುವುದೂ ಅದೇ. ಹೊಸಬರ ಬಟ್ಟಲು ದಪ್ಪ, ಭಾರ, ಎರಡು ಪಟ್ಟು ಜಾಗ. ಒಬ್ಬ ಶಿಕ್ಷಕರಿಗೆ ಆರು ಜನ ಸಾಕು. ಎಂಟಾದರೆ ಮಣ್ಣನ್ನು ತಿಗರಿಯ ಮಧ್ಯಕ್ಕೆ ತರುವ ಕೈಗಳನ್ನು ತಿದ್ದಲು ಸಮಯ ಸಿಗುವುದಿಲ್ಲ. ಎಂಟು ತರಗತಿಯ ಕೋರ್ಸ್ ಆದರೆ ಮೊದಲ ಎರಡರಲ್ಲಿ ನಾದುವುದು, ಮಧ್ಯಕ್ಕೆ ತರುವುದು ಮಾತ್ರ. ಆಗ ಮಾಡಿದ್ದನ್ನು ತಂತಿಯಿಂದ ಸೀಳಿ ಗೋಡೆಯ ದಪ್ಪ ತೋರಿಸಿ. ಬೇಜಾರಾಗುತ್ತದೆ, ಆದರೂ ಬೇಗ ಕಲಿಯುತ್ತಾರೆ. ಒಬ್ಬರಿಗೆ ಐದು ಪಾತ್ರೆ ಸುಟ್ಟುಕೊಡುವುದು ಶುಲ್ಕದಲ್ಲಿ, ಮಿಕ್ಕದ್ದಕ್ಕೆ ಕಿಲೋ ಲೆಕ್ಕದಲ್ಲಿ ಹಣ ಎಂದು ದಾಖಲಾತಿಯ ದಿನವೇ ಬರೆದುಕೊಡಿ. ಪಾತ್ರೆ ಕೈಗೆ ಸಿಗಲು ಕೊನೆಯ ತರಗತಿಯಿಂದ ಮೂರು ವಾರ ಎಂದೂ ಹೇಳಿಬಿಡಿ.

ವಿದ್ಯಾರ್ಥಿಗಳ ಗ್ಲೇಝ್ ಸೋರಿ ಶೆಲ್ಫಿಗೆ ಅಂಟಿಕೊಳ್ಳುವುದು ಖಂಡಿತ. ಬುಡದಿಂದ ಒಂದು ಸೆಂ.ಮೀ. ಒದ್ದೆ ಸ್ಪಾಂಜಿನಲ್ಲಿ ಒರೆಸದ ಪಾತ್ರೆಯನ್ನು ಒಳಗಿಡಬೇಡಿ. ಶೆಲ್ಫಿಗೆ ಅಲ್ಯೂಮಿನಾ, ಚೈನಾ ಕ್ಲೇ ಸಮಪಾಲಿನ ಲೇಪ ಹಚ್ಚಿಡಿ. ಕೈ ತೊಳೆಯುವುದು ಬಕೆಟ್ಟಿನಲ್ಲಿ, ಸಿಂಕಿನಲ್ಲಿ ತೊಳೆದರೆ ಪೈಪು ಕಟ್ಟುತ್ತದೆ. ನೆಲವನ್ನು ಪೊರಕೆಯಲ್ಲಿ ಗುಡಿಸಲೇಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಒಣ ಮಣ್ಣಿನ ಸಿಲಿಕಾ ಧೂಳು ವರ್ಷಗಟ್ಟಲೆ ಶ್ವಾಸಕೋಶ ಸೇರಿದರೆ ಬರುವ ಸಿಲಿಕೋಸಿಸ್‌ಗೆ ಮದ್ದಿಲ್ಲ. ಗ್ಲೇಝ್ ಪುಡಿ ತೂಗುವಾಗ ಎನ್95 ಮಾಸ್ಕ್ ಹಾಕಿಕೊಳ್ಳಿ.

ತೆರಿಗೆಯ ವಿಷಯದಲ್ಲಿ ಎಡವುವುದು ಇಲ್ಲಿ: ಸರಕು ಮಾತ್ರ ಮಾರುವವರಿಗೆ ಕರ್ನಾಟಕದಲ್ಲಿ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು. ತರಗತಿ ಸೇವೆಯ ಲೆಕ್ಕಕ್ಕೆ ಬರುವುದರಿಂದ ಮಿತಿ 20 ಲಕ್ಷಕ್ಕೆ ಇಳಿಯುತ್ತದೆ, ಅದೂ ಪಾತ್ರೆಯ ಮಾರಾಟ, ಕಲಿಕಾ ಶುಲ್ಕ ಎರಡನ್ನೂ ಕೂಡಿಸಿ. ಎರಡಕ್ಕೂ ಬೇರೆ ಬೇರೆ ಬಿಲ್ ಪುಸ್ತಕ ಇಡಿ. ಪ್ರತಿ ಸುಡುವಿಕೆಗೆ ಮೊದಲು ಮತ್ತು ನಂತರ ಮೀಟರ್ ರೀಡಿಂಗ್ ಬರೆದುಕೊಂಡರೆ ಯಾವ ಕಡೆಗೆ ಎಷ್ಟು ಯೂನಿಟ್ ಹೋಯಿತು ಅನ್ನುವುದೂ ಸಿಗುತ್ತದೆ, ಮುಂದಿನ ಶುಲ್ಕ ನಿಗದಿ ಮಾಡಲು ಅದು ಬೇಕು.