ಉಳ್ಳಿಗಡ್ಡೆಗೆ ಯಾಕೆ ದೊಡ್ಡ ಬಟನ್?

ಪೆರ್ಲದಲ್ಲಿ ಅಡಿಕೆ ಅಂಗಡಿ ಇಟ್ಟಿರುವ ಮಾವನಿಗೆ ದಿನದ ಖರೀದಿ ಬರೆದಿಡಲು ಒಂದು ಆಂಡ್ರಾಯ್ಡ್ ಆ್ಯಪ್ ಮಾಡಿಕೊಟ್ಟೆ. ಮೇಲುಗಡೆ ಮೂರು ದರ್ಜೆಯ ಅಡಿಕೆಗೆ ಮೂರು ಬಟನ್: ಚಾಲಿ, ಪಟೋರ, ಉಳ್ಳಿಗಡ್ಡೆ. ಮಾವ ಕನ್ನಡಕ ಏರಿಸಿ ನೋಡಿದರು. "ರೇಟು ಕಡಿಮೆ ಇರುವ ಉಳ್ಳಿಗಡ್ಡೆಗೆ ಯಾಕೆ ಮಾರಾಯ ಇಷ್ಟು ದೊಡ್ಡ ಬಟನ್?"

ತಪ್ಪು ನನ್ನದೇ. ಬಟನ್‌ಗಳನ್ನು ಸಾಲಾಗಿ ಜೋಡಿಸುವ ಲೀನಿಯರ್ ಲೇಔಟ್‌ನಲ್ಲಿ ಮೂರನ್ನೂ ಅಡ್ಡಸಾಲಿನಲ್ಲಿಟ್ಟು, ಒಂದೊಂದಕ್ಕೂ 'ಲೇಔಟ್ ವೇಟ್' (ಜಾಗದ ಪಾಲು) 1 ಎಂದು ಕೊಟ್ಟಿದ್ದೆ. ಅಗಲವನ್ನು ಮಾತ್ರ 'ರ್‍ಯಾಪ್ ಕಂಟೆಂಟ್' ಎಂದೇ ಬಿಟ್ಟಿದ್ದೆ. ಆಗ ಪ್ರತಿ ಬಟನ್ ಮೊದಲು ತನ್ನ ಅಕ್ಷರಕ್ಕೆ ಬೇಕಾದ ಜಾಗ ಹಿಡಿಯುತ್ತದೆ, ಮಿಕ್ಕದ್ದಷ್ಟೇ ಸಮಪಾಲಾಗುತ್ತದೆ. 360 ಡಿಪಿ (ಆಂಡ್ರಾಯ್ಡ್ ಪರದೆಯ ಅಳತೆಯ ಘಟಕ) ಅಗಲದ ಪರದೆಯಲ್ಲಿ ಅವು 88, 88, 124 ಹಿಡಿದವು ಎಂದುಕೊಳ್ಳಿ. ಉಳಿದ 60ರಲ್ಲಿ ತಲಾ 20. ಕೊನೆಗೆ ಸಿಗುವುದು 108, 108, 144. ಗೋಣಿಯ ತೂಕ ಕಳೆಯದೆ ಅಡಿಕೆ ತೂಗಿದ ಹಾಗೆ.

ಮೂರರ ಅಗಲವನ್ನೂ 0 ಡಿಪಿ ಮಾಡಿ. ವೇಟ್ 1 ಹಾಗೇ ಇರಲಿ, ಸಾಲಿನ ಅಗಲ 'ಮ್ಯಾಚ್ ಪೇರೆಂಟ್' (ಹೊರಗಿನ ಚೌಕಟ್ಟಿನಷ್ಟೇ) ಆಗಿರಲಿ. ತಲಾ 120 ಬರುತ್ತದೆ. ಎರಡೂ ಬದಿಗೆ 4 ಡಿಪಿ ಮಾರ್ಜಿನ್ ಕೊಟ್ಟರೆ 112, ಹೇಗೂ ಸಮವೇ.

ಇಷ್ಟಕ್ಕೆ ಮುಗಿಯಿತೆಂದು ನಂಬಿದ್ದೆ. ಆದರೆ ಮಾವನ ಮೊಬೈಲಿನಲ್ಲಿ ಅಕ್ಷರದ ಗಾತ್ರ ಅತಿ ದೊಡ್ಡದು. ಅಲ್ಲಿ 'ಉಳ್ಳಿಗಡ್ಡೆ' ಎರಡು ಸಾಲಾಗಿ ಒಡೆದು, ಆ ಬಟನ್ ಒಂದೇ ಉಳಿದೆರಡಕ್ಕಿಂತ ಕೆಳಗೆ ಜಾರಿ ಕುಳಿತಿತ್ತು. ಅಡ್ಡಸಾಲಿನ ಲೀನಿಯರ್ ಲೇಔಟ್ ಬಟನ್‌ಗಳ ಅಂಚನ್ನಲ್ಲ, ಒಳಗಿನ ಮೊದಲ ಸಾಲಿನ ಅಕ್ಷರಗಳ ತಳವನ್ನು ಒಂದೇ ಮಟ್ಟಕ್ಕೆ ತರುತ್ತದೆ. ಬಟನ್‌ಗಳ ಸಾಲಿಗೆ 'ಬೇಸ್‌ಲೈನ್ ಅಲೈನ್ಡ್' ಫಾಲ್ಸ್ ಎಂದು ಹಾಕಿ. ಬಟನ್‌ಗಳ ಎತ್ತರ 'ಮ್ಯಾಚ್ ಪೇರೆಂಟ್', ಸಾಲಿನ ಎತ್ತರ 'ರ್‍ಯಾಪ್ ಕಂಟೆಂಟ್' ಇದ್ದರೆ ಎಲ್ಲವೂ ಅತಿ ಎತ್ತರದ್ದಕ್ಕೆ ಸಮನಾಗುತ್ತವೆ. ಅಕ್ಷರ ಕುಗ್ಗಿಸಿ ಒಂದೇ ಸಾಲಿಗೆ ತುರುಕಬೇಡಿ. ಕಣ್ಣು ಮಂಜಾದವರು ಬೇಕೆಂದೇ ಅದನ್ನು ಹಿಗ್ಗಿಸಿರುತ್ತಾರೆ. ಎತ್ತರ 48 ಡಿಪಿಗಿಂತ ಕಡಿಮೆಯಾಗದಿರಲಿ, ತೋಟದಿಂದ ಬಂದ ಬೆರಳು ದಪ್ಪ.

ಆಂಡ್ರಾಯ್ಡ್ ಪರದೆ ಕಟ್ಟುವ ಹೊಸ ವಿಧಾನವಾದ ಜೆಟ್‌ಪ್ಯಾಕ್ ಕಂಪೋಸ್ ಬಳಸುವವರು ಅಗಲ ಸಮವಾಗಲು 'ರೋ' (ಅಡ್ಡಸಾಲು) ಒಳಗೆ ಪ್ರತಿ ಬಟನ್ನಿನ ಮಾಡಿಫೈಯರ್‌ಗೆ ವೇಟ್ 1 ಕೊಟ್ಟರೆ ಸಾಕು.

ಈಗ ಮಾವ ಕರಿಗೋಟು ಎಂಬ ಇನ್ನೊಂದು ದರ್ಜೆಯ ಅಡಿಕೆಗೂ ಒಂದು ಬಟನ್ ಕೇಳಿದ್ದಾರೆ. ನಾಲ್ಕಾದರೆ ತಲಾ 90, ಅವರ ಅಕ್ಷರಗಾತ್ರಕ್ಕೆ ಅದು ಸಾಲದು. ಎರಡೆರಡರಂತೆ ಎರಡು ಸಾಲು ಮಾಡಿದ್ದೇನೆ, ಕರಿಗೋಟು ಉಳ್ಳಿಗಡ್ಡೆಯ ಪಕ್ಕಕ್ಕೆ.