ಹಾಲುಗಾಜಿನ ಹಳೇ ಮುಲಾಮು ಡಬ್ಬಿ: ತೊಳೆಯುವ ಮುನ್ನ ನೋಡಬೇಕಾದ್ದು

ಮೆಂಥೊಲೇಟಮ್, ಮಸ್ಟರೋಲ್‌ನಂಥ ಅಮೆರಿಕದ ಮುಲಾಮುಗಳ ಬಿಳಿ ಗಾಜಿನ ಡಬ್ಬಿ ಸಂಗ್ರಹಕ್ಕೆ ಬಂದರೆ ನೇರ ನಲ್ಲಿಗೆ ಒಯ್ಯಬೇಡಿ. ನೀರು ಬಿದ್ದ ಮೇಲೆ ಸಿಗದ ಸಾಕ್ಷ್ಯ ಇದರಲ್ಲಿ ಬಹಳವಿದೆ.

ಮೊದಲು ನೈಟ್ರೈಲ್ ಕೈಗವಸು ಹಾಕಿ. ಹಳೇ ಕಾಲದ ಎಷ್ಟೋ ಚರ್ಮದ ಮುಲಾಮುಗಳಲ್ಲಿ ಪಾದರಸದ ಲವಣ ಇರುತ್ತಿತ್ತು. ಒಳಗೆ ಒಣಗಿ ಅಂಟಿದ್ದನ್ನು ಕೆರೆಯಬೇಡಿ, ಡಬ್ಬಿಯಷ್ಟೇ ಅದೂ ಸಂಗ್ರಹದ ವಸ್ತು.

ಕಾಲ ಗುರುತಿಸಲು ಹೆಸರನ್ನು ನಂಬಬೇಡಿ. ಮೆಂಥೊಲೇಟಮ್ 1894ರಿಂದ ಇಂದಿಗೂ ಮಾರಾಟದಲ್ಲಿದೆ! ತಳವನ್ನು ಮೇಲೆ ಮಾಡಿ ಓರೆಬೆಳಕು ಹಿಡಿಯಿರಿ. ನಡುವೆ ಒಂದಿಂಚಿಗಿಂತ ಚಿಕ್ಕ ದುಂಡು ಗೆರೆ ಇದ್ದರೆ ಅದು ವಾಲ್ವ್ ಗುರುತು. ಗಾಜನ್ನು ಅಚ್ಚಿನಲ್ಲಿ ಒತ್ತಿ, ಆಮೇಲೆ ಊದುವ ಯಂತ್ರ ಬಿಟ್ಟ ಕಲೆ. ಅಂದರೆ ಡಬ್ಬಿ 1890ರ ದಶಕ ಅಥವಾ ಅದರ ಈಚಿನದು. ಎತ್ತರ, ಬಾಯಿ, ತಳದ ಅಳತೆಯನ್ನು ಕ್ಯಾಲಿಪರ್‌ನಿಂದ ಮಿಲಿಮೀಟರಿನಲ್ಲಿ ಬರೆದುಕೊಳ್ಳಿ.

ಬಿಳಿ ಗಾಜಿನಲ್ಲಿ ಕೂದಲೆಳೆಯ ಬಿರುಕು ಹೊರಗಿನಿಂದ ಕಾಣುವುದಿಲ್ಲ. ಒಳಗೆ ಪುಟ್ಟ ಎಲ್‌ಇಡಿ ಟಾರ್ಚ್ ಇಳಿಸಿ ಕೋಣೆ ಕತ್ತಲಾಗಿಸಿದರೆ ಗೆರೆ ಎದ್ದು ಕಾಣುತ್ತದೆ. ಬಿರುಕಿದ್ದರೆ ನೀರಿನ ಮಾತೇ ಬೇಡ.

ಕಾಗದದ ಲೇಬಲ್ ಇದ್ದರೆ ಮೆತ್ತನೆಯ ಒಣ ಬ್ರಷ್ ಸಾಕು. ಇಲ್ಲದಿದ್ದರೆ ಒಂದು ಲೀಟರ್ ಭಟ್ಟಿ ಇಳಿಸಿದ ನೀರಿಗೆ ಎರಡು ಮೂರು ಹನಿ ಅಯಾನುರಹಿತ (ನಾನ್-ಅಯಾನಿಕ್, ಅಂದರೆ ವಿದ್ಯುದಾವೇಶವಿಲ್ಲದ) ಮಾರ್ಜಕ ಬೆರೆಸಿ, ಹತ್ತಿಕಡ್ಡಿ ಅದ್ದಿ ಹಿಂಡಿ, ಹೊರಮೈ ಮಾತ್ರ ಒರೆಸಿ. ಬರೀ ಭಟ್ಟಿ ನೀರಿನಿಂದ ಇನ್ನೊಮ್ಮೆ ಒರೆಸಿ ಒಣಗಲು ಬಿಡಿ. ಬಿಸಿನೀರು ಬಳಸಿದರೆ ದಪ್ಪ ತಳವೂ ತೆಳು ಗೋಡೆಯೂ ಒಂದೇ ಸಮ ಹಿಗ್ಗದೆ ಗಾಜು ಸೀಳುತ್ತದೆ.

ತುಕ್ಕು ಹಿಡಿದ ಮುಚ್ಚಳ ಬಿಗಿದಿದ್ದರೆ ತಿರುಚಬೇಡಿ, ಒಡೆಯುವುದು ಮುಚ್ಚಳ ಕೂರುವ ಬಾಯಿಯ ಗಾಜಿನ ತಿರುಪು ಸುರುಳಿ. ಹಾಗೇ ಬಿಟ್ಟು ದಾಖಲೆಯಲ್ಲಿ ಬರೆಯುವುದೇ ಸರಿ. ಬಿಚ್ಚಿಬಂದ ಮುಚ್ಚಳಕ್ಕೆ ನೀರು ತಾಗಿಸದೆ ಒಣಬಟ್ಟೆಯಲ್ಲಿ ಒರೆಸಿ.

ಸಂಗ್ರಹ ಸಂಖ್ಯೆಯನ್ನು ನೇರ ಗಾಜಿನ ಮೇಲೆ ಬರೆಯಬಾರದು. ಅಸಿಟೋನಿನಲ್ಲಿ ಕರಗಿಸಿದ 20% ಪ್ಯಾರಲಾಯ್ಡ್ ಬಿ-72 ಎಂಬ ಪಾರದರ್ಶಕ ಅಕ್ರಿಲಿಕ್ ರಾಳವನ್ನು ತಳದ ಅಂಚಿನ ಒಳಗೆ ಸಣ್ಣ ಪಟ್ಟಿಯಾಗಿ ಬಳಿಯಿರಿ. ಪೂರ್ತಿ ಒಣಗಿದ ಮೇಲೆ ಪಿಗ್ಮೆಂಟ್ ಶಾಯಿಯಲ್ಲಿ ಸಂಖ್ಯೆ ಬರೆದು, ಅದೂ ಒಣಗಿದ ನಂತರ ಮೇಲೊಂದು ಲೇಪ. ಈ ಮೇಲಿನ ಲೇಪಕ್ಕೆ ಬ್ರಷ್ಷನ್ನು ಒಂದೇ ಸಲ ಎಳೆಯಬೇಕು. ಹಿಂದೆ ಮುಂದೆ ಆಡಿಸಿದರೆ ಅಸಿಟೋನು ಕೆಳಗಿನ ಪದರ ಕರಗಿಸಿ ಅಂಕಿ ಕದಡುತ್ತದೆ.

ಕಪಾಟಿನ ತೇವಾಂಶ 45ರಿಂದ 50% ಇರಲಿ. ಗಾಜು ಜಿಡ್ಡುಜಿಡ್ಡಾಗಿ ಹನಿ ಕಟ್ಟಿದರೆ ಕೊಳೆಯೆಂದು ಒರೆಸಬೇಡಿ. ಅದು ಗಾಜಿನ ಕ್ಷಾರ ಹೊರಬರುತ್ತಿರುವ ಲಕ್ಷಣ, ಸಂರಕ್ಷಕರಿಗೆ ತೋರಿಸಿ. ಇನ್ನೂ ಮೆಂಥಾಲ್ ವಾಸನೆ ಬರುವ ಡಬ್ಬಿಯನ್ನು ಉಳಿದ ವಸ್ತುಗಳಿಂದ ದೂರ, ಆಮ್ಲರಹಿತ ಪೆಟ್ಟಿಗೆಯಲ್ಲಿ ಬೇರೆಯಾಗಿಡಿ.