ಹೊಸೂರಿಗೆ ಹೊಸದಾಗಿ ಬಂದ ಕುಟುಂಬಗಳಿಗೆ: ಬ್ರೊಕೋಲಿ, ಅದರ ದಂಟು, ಎಲೆ, ಕಸ

ಕೊಳ್ಳುವುದು

ರೈತರು ತಾವೇ ತಂದು ಮಾರುವ ಉಳವರ್ ಸಂದೈಗೆ ಬೆಳಿಗ್ಗೆ ಬೇಗ ಹೋಗಿ. ಕನ್ನಡದಲ್ಲೇ ಮಾತಾಡಿ, ಸಂಕೋಚ ಬೇಡ. ತಳಿ, ಡೆಂಕಣಿಕೋಟೆ ಊರುಗಳ ಕಡೆ ಎಷ್ಟೋ ಮನೆಗಳ ಮಾತು ಕನ್ನಡವೇ. ನಮ್ಮವರು ಇಲ್ಲಿಗೆ ಇಂದು ನಿನ್ನೆ ಬಂದವರಲ್ಲ. ಬಿಗಿಯಾದ ಹಸಿರು ಮೊಗ್ಗು ಆರಿಸಿ, ಹಳದಿ ತಿರುಗಿದ್ದು ಬೇಡ. ದಂಟು, ಎಲೆ ಕತ್ತರಿಸಬೇಡಿ ಅನ್ನಿ. ಬಟ್ಟೆ ಚೀಲ ಒಯ್ಯಿರಿ. ತಮಿಳುನಾಡಿನಲ್ಲಿ 2019ರಿಂದ ಪ್ಲಾಸ್ಟಿಕ್ ಕೈಚೀಲ ನಿಷೇಧ.

ಅಡುಗೆ

ಹುಳ ನೋಡುವುದು ನಿಮಗೆ ಗೊತ್ತೇ ಇದೆ. ಆದರೆ ಹೂಕೋಸಿನ ಹಾಗೆ ಕುದಿಸಿ ನೀರು ಚೆಲ್ಲುವ ಅಭ್ಯಾಸ ದಯವಿಟ್ಟು ಬಿಡಿ. 100 ಗ್ರಾಂ ಹಸಿ ಬ್ರೊಕೋಲಿಯಲ್ಲಿ ಸುಮಾರು 89 ಮಿ.ಗ್ರಾಂ ವಿಟಮಿನ್ ಸಿ ಇದೆ. ಕುದಿಸಿದರೆ ಅದರಲ್ಲಿ ಬಹಳಷ್ಟು ನೀರುಪಾಲು. ಹೆಚ್ಚಿ ಅರ್ಧ ಗಂಟೆ ಬಿಡಿ. ಆಗ ಒಳಗಿನ ಎಂಜೈಮ್ ಕೆಲಸ ಮಾಡಿ ಸಲ್ಫೊರಾಫೇನ್ ಹುಟ್ಟುತ್ತದೆ, ಇದು ಆರೋಗ್ಯಕ್ಕೆ ಒಳ್ಳೆಯದೆನ್ನುವ ಗಂಧಕದ ಅಂಶ. ಆಮೇಲೆ ಇಡ್ಲಿ ಪಾತ್ರೆಯಲ್ಲಿ ಮೂರ್ನಾಲ್ಕು ನಿಮಿಷ ಹಬೆ ಸಾಕು. ಇದೇ ಎಂಜೈಮ್ ಹಸಿ ಸಾಸಿವೆಯಲ್ಲೂ ಇದೆ, ಒಗ್ಗರಣೆಯಲ್ಲಿ ಸಿಡಿದ ಮೇಲೆ ಉಳಿಯುವುದಿಲ್ಲ. ಹಾಗಾಗಿ ತೆಂಗಿನಕಾಯಿ, ಹಸಿ ಸಾಸಿವೆ ರುಬ್ಬಿ ಮೊಸರು ಬೆರೆಸುವ ನಮ್ಮ ಸಾಸಿವೆ ಇದಕ್ಕೆ ಬಹಳ ಒಳ್ಳೆಯದು. ಬ್ರೊಕೋಲಿ ಆರಿದ ಮೇಲೆ ಬೆರೆಸಿ.

ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು ಇದನ್ನು ಓದಲೇಬೇಕು

ವಾರ್ಫರಿನ್, ಅಸಿಟ್ರೋಮ್ ತರಹದ ಮಾತ್ರೆಗಳು ವಿಟಮಿನ್ ಕೆ ಕೆಲಸವನ್ನು ತಡೆಯುತ್ತವೆ. ಬ್ರೊಕೋಲಿಯಲ್ಲಿ ಅದೇ ವಿಟಮಿನ್ ಜಾಸ್ತಿ, 100 ಗ್ರಾಂಗೆ ಸುಮಾರು 100 ಮೈಕ್ರೊಗ್ರಾಂ. ನಮ್ಮ ತಂದೆಗೆ ಮಾತ್ರೆ ಬರೆದ ಆಸ್ಪತ್ರೆಯವರು ಊಟದ ಬಗ್ಗೆ ಒಂದು ಮಾತೂ ಹೇಳಲಿಲ್ಲ. ಒಳ್ಳೆಯ ತರಕಾರಿ ಅಂತ ದಿನಾ ಬಡಿಸಿದೆವು. ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅನ್ನುವ ಅಳತೆ) ಇಳಿದು ಮನೆಮಂದಿಯೆಲ್ಲ ಹೆದರಿದೆವು. ಬ್ರೊಕೋಲಿ ತಿನ್ನುವುದನ್ನು ಪೂರ್ತಿ ಬಿಡಬೇಕಿಲ್ಲ. ಒಮ್ಮೆಲೇ ಹೆಚ್ಚಿಸಬೇಡಿ, ಒಮ್ಮೆಲೇ ನಿಲ್ಲಿಸಲೂಬೇಡಿ. ತಿನ್ನುವುದನ್ನು ಒಮ್ಮೆಲೇ ನಿಲ್ಲಿಸಿದರೆ ರಕ್ತಸ್ರಾವದ ಅಪಾಯ. ವಾರಕ್ಕೆ ಎಷ್ಟು ತಿನ್ನುತ್ತೀರಿ ಅಂತ ಡಾಕ್ಟರಿಗೆ ನೀವೇ ಹೇಳಿ, ಅವರು ಕೇಳಲಿ ಅಂತ ಕಾಯಬೇಡಿ.

ಉಳಿದದ್ದು

- ದಂಟು: ಸಿಪ್ಪೆ ತೆಗೆದು ಸಾಂಬಾರ್, ತುರಿದು ಕೋಸಂಬರಿ.
- ಎಲೆ: ಬಸ್ಸಾರು, ಪಲ್ಯ.
- ಸಿಪ್ಪೆ: ಹಸುವಿಗೆ ಒಂದು ಹಿಡಿ. ರಾಶಿ ಹಾಕಿದರೆ ಹೊಟ್ಟೆಯುಬ್ಬರ.
- ಗೊಬ್ಬರ: ಗಂಧಕ ಇರುವುದರಿಂದ ಕೊಳೆತರೆ ನಾರುತ್ತದೆ. ಒಣ ಎಲೆ, ತೆಂಗಿನ ನಾರಿನ ಪುಡಿ ನಡುನಡುವೆ ಹಾಕಿ.

ಒಣ ಕಸದ ಜೊತೆ ಕಟ್ಟಿ ಬೀದಿ ಮೂಲೆಗೆ ಎಸೆಯಬೇಡಿ. ಕನ್ನಡದವರ ಮನೆಯ ಕಸ ಅನ್ನುವ ಮಾತು ನಮಗೆ ಬೇಡ, ಅಲ್ವಾ? ಹಿತ್ತಲಿದ್ದರೆ ಸಣ್ಣಗೆ ಹೆಚ್ಚಿ ಮಣ್ಣಿಗೆ ಬೆರೆಸಿ. ಕೊಳೆಯುವಾಗ ಬಿಡುವ ಘಾಟು ಮಣ್ಣಿನ ಕೆಲವು ರೋಗಗಳನ್ನು ತಗ್ಗಿಸುತ್ತದೆ. ಬೇರು ಗಂಟುಗಟ್ಟಿದ ಗಿಡವನ್ನು ಮಾತ್ರ ಮಣ್ಣಿಗೂ ಗೊಬ್ಬರಕ್ಕೂ ಹಾಕಬೇಡಿ, ಆ ರೋಗ ವರ್ಷಗಟ್ಟಲೆ ಮಣ್ಣಲ್ಲೇ ಉಳಿಯುತ್ತದೆ.